ಏಳು ಜನ ಸಿಕ್ಕರೆ ಆಟ

ಆಟವನ್ನು ನೋಡುವುದೂ ಒಂದು ವಿದ್ಯೆಯೇ. ನಮ್ಮ ಶಿರಸಿ ಸೀಮೆಯಲ್ಲಿ ಯಕ್ಷಗಾನದ ರಂಗಸ್ಥಳದೆದುರು ಕಂಬಳಿ ಹೊದ್ದು ಕುಳಿತ ಮುದುಕರನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ತೂಕಡಿಸುತ್ತಿರುವಂತೆ ಕಾಣುತ್ತಾರೆ. ಆದರೆ ಭಾಗವತರ ತಾಳ ಒಂದಿಷ್ಟು ಜಾರಿತೋ, ಮುಚ್ಚಿದ ಕಣ್ಣಿನ ಮೇಲಿನ ಹುಬ್ಬು ಏರುತ್ತದೆ. ಯಾತಕ್ಕೆಂದರೆ ಅವರಲ್ಲಿ ಅನೇಕರು ಎಳವೆಯಲ್ಲಿ ಒಂದು ಕೋಡಂಗಿಯ ವೇಷವನ್ನಾದರೂ ಕಟ್ಟಿದವರು. ಗೆಜ್ಜೆ ಕಟ್ಟಿದ ನೆನಪು ಕಾಲಿನಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಮೈದಾನದ ಆಟಗಳಿಗೂ ಈ ನಿಯಮ ಸಲ್ಲುತ್ತದೆಂದು ನನ್ನ ಎಣಿಕೆ. ಒಂದು ಆಟ ಜನರಿಗೆ ಹಿಡಿಸಬೇಕಾದರೆ ಹಣ ಬೇಕು, ಪ್ರಚಾರ ಬೇಕು, ಗೆದ್ದ ಪದಕ ಬೇಕು ಎಂದೆಲ್ಲ ಹೇಳುವವರುಂಟು. ಬೇಕು, ಇಲ್ಲವೆನ್ನಲಾರೆ. ಆದರೆ ಪದಕವನ್ನು ಒಂದಲ್ಲ ಎರಡು ಸಲ ಗೆದ್ದೂ ಆ ಆಟವನ್ನೇ ಮರೆತ ದೇಶವೊಂದು ಭೂಮಿಯ ಮೇಲಿದೆ. ಅದು ಅಮೆರಿಕ, ಆಟ ರಗ್ಬಿ. ಆ ಕಥೆಯನ್ನು ನಾನು ಕೇಳಿದ್ದು ಅಮೆರಿಕದಲ್ಲಿ ಅಲ್ಲ, ಶಿರಸಿ ತಾಲ್ಲೂಕಿನ ಇಸಳೂರಿನಲ್ಲಿ, ನನ್ನ ತಮ್ಮನ ಮನೆಯ ಅಡಿಕೆ ಸುಲಿಯುವ ಚಪ್ಪರದ ಕೆಳಗೆ.

ತಮ್ಮನ ಮಗ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಅವನ ಮಗಳಿಗೆ ಈಗ ಹದಿನಾರು. ಕಳೆದ ಡಿಸೆಂಬರಿನ ರಜೆಯಲ್ಲಿ ಅವಳನ್ನು ಅಜ್ಜ ಅಜ್ಜಿಯರ ಬಳಿಗೆ ಕಳುಹಿಸಿದ್ದರು. ಬೆಂಗಳೂರಿನಿಂದ ಅವಳನ್ನು ಊರಿಗೆ ಕರೆದೊಯ್ಯುವ ಹೊಣೆ ನನ್ನದು. ಪೆಟ್ಟಿಗೆಯಲ್ಲಿ ಅಜ್ಜಿಗೆ ಶಾಲು, ಅಜ್ಜನಿಗೆ ಟಾರ್ಚು, ನನಗೊಂದು ಪೆನ್ನು. ಅವೆಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಗಾಳಿ ತೆಗೆದು ಮಡಿಸಿಟ್ಟ ಒಂದು ಚೆಂಡು ಮತ್ತು ಅದಕ್ಕೆ ಗಾಳಿ ತುಂಬುವ ಪಂಪು. ಮನೆ ಸೇರಿದ ಸಂಜೆಯೇ ಅದಕ್ಕೆ ಗಾಳಿ ತುಂಬಿ ಅಂಗಳದಲ್ಲಿ ಇಟ್ಟಳು. ಎರಡೂ ತುದಿ ಚೂಪಾದ, ಸುಲಿಯದ ತೆಂಗಿನಕಾಯಿಯಂಥ ಆಕಾರ. ನನ್ನ ತಮ್ಮ ಅದನ್ನೊಮ್ಮೆ ಕಾಲಿನಿಂದ ತಳ್ಳಿ ನೋಡಿದ. ಅದು ಬಲಕ್ಕೆ ಹೊರಟು, ಮನಸ್ಸು ಬದಲಿಸಿ, ಎಡಕ್ಕೆ ನೆಗೆದು ತುಳಸಿಕಟ್ಟೆಗೆ ಬಡಿಯಿತು. “ಇದು ಉರುಳಿ ಎತ್ತ ಹೋಗ್ತು ಹೇಳಿ ಬ್ರಹ್ಮಂಗೂ ಗೊತ್ತಿಲ್ಲೆ!” ಎಂದ. ರಗ್ಬಿಯ ಬಗ್ಗೆ ಅಷ್ಟು ಅಡಕವಾದ ಮಾತನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಡಿಸೆಂಬರು ನಮ್ಮಲ್ಲಿ ಕೊನೆಕೊಯ್ಲಿನ ಕಾಲ. ಹಗಲಿನಲ್ಲಿ ಕೊನೆಗೌಡ ಮರದಿಂದ ಮರಕ್ಕೆ ಹಾಯುತ್ತ ಕೊನೆ ಇಳಿಸಿದರೆ, ರಾತ್ರಿ ಹತ್ತು ಹದಿನೈದು ಜನ ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಹಿಂದೆ ಈ ಸುಲಿತದ ರಾತ್ರಿಗಳಲ್ಲಿ ಪ್ರಸಂಗದ ಪದ, ಊರ ಸುದ್ದಿ, ಭೂತದ ಕಥೆ ನಡೆಯುತ್ತಿದ್ದವು. ಈಗ ಕಂಬಕ್ಕೆ ತೂಗಿದ ಮೊಬೈಲಿನಲ್ಲಿ ಕಬಡ್ಡಿ ಪಂದ್ಯ. ಆ ಸಭೆಯ ನಡುವೆ ಈ ಹುಡುಗಿ ಮಣೆ ಹಾಕಿಕೊಂಡು ಕುಳಿತು, ತನ್ನ ಆಟದ ಪುರಾಣವನ್ನು ಹೇಳತೊಡಗಿದಳು. ಅವಳ ಕನ್ನಡ ಮನೆಯಲ್ಲಿ ಕಲಿತ ಹವ್ಯಕ ಕನ್ನಡ, ತಡವರಿಸಿದರೂ ನಿಲ್ಲದು.

ರಗ್ಬಿಯಲ್ಲಿ ಚೆಂಡನ್ನು ಎತ್ತಿಕೊಂಡು ಮುಂದಕ್ಕೆ ಓಡಬಹುದು, ಒದೆಯಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯಕೂಡದು. ಕೊಡುವುದಾದರೆ ಪಕ್ಕದವನಿಗೆ ಇಲ್ಲವೆ ಹಿಂದಿನವನಿಗೆ. ಓಡುವವನನ್ನು ಎದುರು ಪಕ್ಷದವರು ತೋಳಿನಿಂದ ತಬ್ಬಿ ಕೆಡಹುತ್ತಾರೆ; ಹೆಗಲಿನಿಂದ ಮೇಲೆ ಹಿಡಿಯುವುದು ನಿಷಿದ್ಧ. ಪೂರ್ಣ ಆಟಕ್ಕೆ ಪಕ್ಷವೊಂದಕ್ಕೆ ಹದಿನೈದು ಜನ. ಚಿಕ್ಕ ಆಟಕ್ಕೆ ಏಳು ಜನ, ಏಳೇಳು ನಿಮಿಷಗಳ ಎರಡು ಅವಧಿ. ‘ಏಳು’ ಎಂದಾಕ್ಷಣ ಸುಲಿಯುವವರ ಕೈ ನಿಂತವು. ಬಾಲ್ಯದಲ್ಲಿ ಊರಿಗೇ ಹೆಸರಾದ ಹಿಡಿತಗಾರನಾಗಿದ್ದ, ಈಗ ಅರವತ್ತು ದಾಟಿದ ಒಬ್ಬಾತ ಮೆಟ್ಟುಗತ್ತಿಯಿಂದ ಎದ್ದು, “ಸೊಂಟಕ್ಕೆ ಹಾಕುವಾಗ ತಲೆ ಎಲ್ಲಿರಬೇಕು?” ಎಂದು ಕೇಳಿದ. ಅವಳು ತೋರಿಸಿದಳು: ಓಡುವವನ ಎದುರಿಗಲ್ಲ, ಪಕ್ಕಕ್ಕೆ, ಬೆನ್ನ ಕಡೆಗೆ. ಅವನು ತಲೆದೂಗಿ ಮತ್ತೆ ಕುಳಿತ. ಅಷ್ಟರಲ್ಲಿ ಪರೀಕ್ಷೆ ಮುಗಿದು ಅವಳು ಉತ್ತೀರ್ಣಳಾಗಿದ್ದಳು.

ಅನಂತರ ಅವಳು ಹೇಳಿದ ಚರಿತ್ರೆಯನ್ನು ಬೆಂಗಳೂರಿಗೆ ಮರಳಿದ ಮೇಲೆ ನಾನೂ ಓದಿ ನೋಡಿದೆ. ೧೮೭೪ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹುಡುಗರು ಹಾರ್ವರ್ಡಿಗೆ ಬಂದು ಈ ಆಟವನ್ನು ತೋರಿಸಿಕೊಟ್ಟರು. ಅಮೆರಿಕದವರು ಅದನ್ನು ಹಿಡಿದು, ೧೮೮೦ರ ದಶಕದಲ್ಲಿ ನಿಯಮಗಳನ್ನು ತಿದ್ದಿ ತಿದ್ದಿ ತಮ್ಮದೇ ಆದ ಫುಟ್‌ಬಾಲ್ ಮಾಡಿಕೊಂಡರು. ಆ ಫುಟ್‌ಬಾಲಿನಲ್ಲಿ ಹೊಡೆತ ಮಿತಿಮೀರಿ ಆಟಗಾರರು ಸಾಯತೊಡಗಿದಾಗ, ೧೯೦೬ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿದ್ಯಾಲಯಗಳು ಅದನ್ನು ಕೈಬಿಟ್ಟು ರಗ್ಬಿಗೆ ಮರಳಿದವು. ಸುಮಾರು ಹತ್ತು ವರ್ಷ ಅಲ್ಲಿ ರಗ್ಬಿಯ ಬೆಳೆ ಬಂತು. ಆ ಬೆಳೆಯ ಫಲವೇ ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿನ ಚಿನ್ನ: ಫ್ರಾನ್ಸಿನ ಮೇಲೆ ೮–೦. ೧೯೨೪ರಲ್ಲಿ ಪ್ಯಾರಿಸಿನಲ್ಲಿ, ಫ್ರೆಂಚರ ಅಂಗಳದಲ್ಲಿಯೇ, ಮತ್ತೆ ೧೭–೩. ಪ್ರೇಕ್ಷಕರು ಸಿಟ್ಟಿಗೆದ್ದು ಹೊಡೆದಾಡಿಕೊಂಡರಂತೆ. ಅದಾದ ಮೇಲೆ ಒಲಿಂಪಿಕ್ಸ್ ರಗ್ಬಿಯನ್ನೇ ಬಿಟ್ಟಿತು. ಗೆದ್ದವರು ಮನೆಗೆ ಹೋಗುವಷ್ಟರಲ್ಲಿ ಅವರ ವಿದ್ಯಾಲಯಗಳು ಫುಟ್‌ಬಾಲಿಗೆ ಹಿಂದಿರುಗಿದ್ದವು. ಕೊರಳಲ್ಲಿ ಚಿನ್ನ, ಊರಲ್ಲಿ ಆಟವಿಲ್ಲ! ಒಲಿಂಪಿಕ್ಸಿಗೆ ರಗ್ಬಿ, ಏಳು ಜನರ ರೂಪದಲ್ಲಿ, ಮರಳಿ ಬಂದದ್ದು ೨೦೧೬ರಲ್ಲಿ. ತೊಂಬತ್ತೆರಡು ವರ್ಷ. ಆ ನಡುವೆ ಮೂರು ತಲೆಮಾರಿನ ಹುಡುಗರು ಬೇರೆ ಚೆಂಡುಗಳ ಹಿಂದೆ ಓಡಿ ಮುದುಕರಾದರು.

ರಗ್ಬಿಯ ಮಾತು ಬಂದಾಗ ನಮ್ಮ ದೇಶದ ಒಂದು ವಿನೋದವನ್ನೂ ಹೇಳಬೇಕು. ಕಲ್ಕತ್ತೆಯಲ್ಲಿದ್ದ ಆಂಗ್ಲರು ೧೮೭೨ರ ಕ್ರಿಸ್ಮಸ್ ದಿನ ಅಲ್ಲಿ ರಗ್ಬಿ ಆಡಿ, ಆಮೇಲೆ ಒಂದು ಕ್ಲಬ್ಬನ್ನೂ ಕಟ್ಟಿದರು. ಸದಸ್ಯರಿಗೆ ಪುಕ್ಕಟೆ ಮದ್ಯದ ಏರ್ಪಾಡಿತ್ತು. ಅದನ್ನು ನಿಲ್ಲಿಸಿದ ಮೇಲೆ ಸದಸ್ಯರ ಸಂಖ್ಯೆಯೂ ಇಳಿಯಿತು. ೧೮೭೮ರಲ್ಲಿ ಕ್ಲಬ್ಬು ಮುಚ್ಚಿತು. ಉಳಿದ ಬೆಳ್ಳಿ ರೂಪಾಯಿಗಳನ್ನು ಬ್ಯಾಂಕಿನಿಂದ ತೆಗೆದು ಕರಗಿಸಿ, ನಾಗರ ಹಾವುಗಳ ಹಿಡಿಕೆ, ಮುಚ್ಚಳದ ಮೇಲೊಂದು ಆನೆ ಇರುವ ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿದರು. ೧೮೭೯ರಿಂದ ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳು ಇಂದಿಗೂ ಸೆಣಸುವುದು ಆ ಕಲ್ಕತ್ತ ಕಪ್ಪಿಗಾಗಿಯೇ. ಬೆಳ್ಳಿ ನಮ್ಮದು, ಆನೆ ನಮ್ಮದು. ಆಟ ಮಾತ್ರ ಇಲ್ಲಿಯ ಸಾಮಾನ್ಯರ ಮಕ್ಕಳ ಕೈಗೆ ಬರಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಕಬಡ್ಡಿಯ ಕಥೆ. ನಾನು ಹುಡುಗನಾಗಿದ್ದಾಗ, ೧೯೬೦ರ ಸುಮಾರಿಗೆ, ಇಸಳೂರಿನಲ್ಲಿ ಭತ್ತದ ಕೊಯ್ಲು ಮುಗಿಯುವುದನ್ನೇ ಕಾಯುತ್ತಿದ್ದೆವು. ಗದ್ದೆಯಲ್ಲಿ ಕೂಳೆಯನ್ನು ತುಳಿದು ಸಮ ಮಾಡಿ, ಒಲೆಯ ಬೂದಿಯಿಂದ ಗೆರೆ ಎಳೆದರೆ ಅಂಕಣ ಸಿದ್ಧ. ಅದಕ್ಕೆ ಬೇಕಾದ ಬಂಡವಾಳ ಒಂದು ಬುಟ್ಟಿ ಬೂದಿ. ೧೯೫೬ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಹಿರಿಯರಲ್ಲಿ ಕೆಲವರು ಅದನ್ನು ‘ಹುತುತು’ ಎನ್ನುತ್ತಿದ್ದರು. ನಾವು ಕಬಡ್ಡಿ ಎನ್ನುತ್ತಿದ್ದೆವು. ದೊಡ್ಡ ತೊಡಕು ಜನರದು. ಒಂದು ಕೇರಿಯಲ್ಲಿ ಏಳು ಹುಡುಗರು ಸಿಕ್ಕುವುದು ಸುಲಭವಲ್ಲ. ಒಬ್ಬನಿಗೆ ದನ ಕಾಯುವುದಿದೆ, ಒಬ್ಬನಿಗೆ ಮಂತ್ರಪಾಠ, ಒಬ್ಬನ ಅಪ್ಪಯ್ಯ ಬೆತ್ತ ಹಿಡಿದು ಬಾಗಿಲಲ್ಲಿಯೇ ನಿಂತಿದ್ದಾನೆ. ಮನೆಮನೆಗೆ ಹೋಗಿ, ಹಿತ್ತಲ ಬೇಲಿಯಾಚೆಯಿಂದ ಗಿಣಿಯಂತೆ ಕೂಗಿ, ಹುಡುಗರನ್ನು ಕದ್ದು ತರಬೇಕಾಗಿತ್ತು. ಏಳನೆಯವನು ಬೇಲಿ ಹಾರಿ ಬಂದಾಗಿನ ಸಂತೋಷ ಪಂದ್ಯ ಗೆದ್ದಾಗಲೂ ಇರುತ್ತಿರಲಿಲ್ಲ.

ಇಂಥ ಗದ್ದೆಗಳು ದೇಶದ ತುಂಬ ಇದ್ದವು. ೧೯೩೬ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ ಒಲಿಂಪಿಕ್ಸಿನ ಸಂದರ್ಭದಲ್ಲಿ ಕಬಡ್ಡಿಯನ್ನು ಆಡಿ ತೋರಿಸಿದರು. ೧೯೯೦ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಅದು ಸೇರಿತು; ಅಂದಿನಿಂದ ೨೦೧೪ರವರೆಗೆ ಪುರುಷರ ಚಿನ್ನ ಪ್ರತಿಸಲವೂ ನಮಗೇ. ಮಹಿಳೆಯರ ಕಬಡ್ಡಿ ಸೇರಿದ್ದು ೨೦೧೦ರಲ್ಲಿ. ಆ ಸಲವೂ ೨೦೧೪ರಲ್ಲಿಯೂ ಚಿನ್ನ ತಂದ ತಂಡದಲ್ಲಿ ಕಾರ್ಕಳ ಸೀಮೆಯ ಮಮತಾ ಪೂಜಾರಿ, ನಮ್ಮ ರಾಜ್ಯದವರೇ ಆದ ತೇಜಸ್ವಿನಿ ಬಾಯಿ ಇದ್ದರು. ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಆದರೂ ಪತ್ರಿಕೆಗಳಲ್ಲಿ ಕಬಡ್ಡಿಗೆ ಸಿಕ್ಕುತ್ತಿದ್ದ ಜಾಗ ಅಂಚೆಚೀಟಿಯಷ್ಟು.

೨೦೧೪ರ ಜುಲೈಯಲ್ಲಿ ಪ್ರೊ ಕಬಡ್ಡಿ ಲೀಗು ಮುಂಬಯಿಯಲ್ಲಿ ಆರಂಭವಾಯಿತು. ಮಣ್ಣಿನ ಬದಲು ಬಣ್ಣದ ಚಾಪೆ, ಮೂವತ್ತು ಸೆಕೆಂಡಿನ ದಾಳಿ, ಕಣ್ಣು ಕುಕ್ಕುವ ದೀಪ, ಎಂಟು ತಂಡಗಳು. ಅವುಗಳಲ್ಲಿ ನಮ್ಮ ಬೆಂಗಳೂರು ಬುಲ್ಸ್ ಒಂದು. ಆ ಮೊದಲ ವರ್ಷವೇ ದೂರದರ್ಶನದ ಪರದೆಯಲ್ಲಿ ನೋಡಿದವರ ಸಂಖ್ಯೆ ನಲವತ್ತಮೂರು ಕೋಟಿಗೂ ಮಿಗಿಲೆಂದು ಲೆಕ್ಕ ಬಂತು. ಎಲ್ಲರೂ ಬೆರಗಾದರು. ನನಗೇನೋ ಬೆರಗಾಗಲಿಲ್ಲ. ಆ ಕೋಟಿಗಳೆಲ್ಲ ಮೊದಲೇ ತಯಾರಾಗಿ ಕುಳಿತಿದ್ದರು. ಪರದೆ ಸರಿಸುವುದಷ್ಟೇ ಬಾಕಿಯಿತ್ತು. ೨೦೧೯ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಬಾರಿ ಲೀಗನ್ನು ಗೆದ್ದ ರಾತ್ರಿ, ಫೋನಿನಲ್ಲಿ ನನ್ನ ತಮ್ಮ ಅರ್ಧ ಗಂಟೆ ಪವನ್ ಸೆಹ್ರಾವತನ ದಾಳಿಯನ್ನೇ ವರ್ಣಿಸಿದ. ಅವನು ಕ್ರಿಕೆಟ್ಟಿನ ಬ್ಯಾಟನ್ನು ಮುಟ್ಟಿದವನಲ್ಲ. ಆದರೆ ಗೆರೆಯ ಮೇಲೆ ಬೆರಳು ತಾಗಿಸುವಾಗ ಪಕ್ಕೆಯಲ್ಲಿ ಏಳುವ ನೋವು ಅವನಿಗೆ ಗೊತ್ತು.

ಹಾಗಾದರೆ ಕಬಡ್ಡಿಗೆ ಇನ್ನೇನೂ ಕೊರತೆಯಿಲ್ಲವೆ? ಇದೆ. ಶಿರಸಿಯ ಸುತ್ತ ಹೊನಲು ಬೆಳಕಿನ ಪಂದ್ಯಾವಳಿಗಳು ಇಂದಿಗೂ ನಡೆಯುತ್ತವೆ, ಜನ ಸೇರುತ್ತಾರೆ. ಆದರೆ ನಮ್ಮ ಕೇರಿಯ ಗದ್ದೆಯಲ್ಲಿ ಈಗ ಬೂದಿಯ ಗೆರೆ ಇಲ್ಲ. ಕೆಲವು ಗದ್ದೆಗಳೇ ಇಲ್ಲ. ಅಡಿಕೆ ಸಸಿ ನೆಟ್ಟು ತೋಟವಾಗಿವೆ. ಓದಿದ ಹುಡುಗರು ಬೆಂಗಳೂರಿಗೆ ಹೋದರು. ಅವರ ಮಕ್ಕಳು ಅಲ್ಲಿಯೇ ಹುಟ್ಟಿ ಅಲ್ಲಿಯೇ ಬೆಳೆಯುತ್ತಿದ್ದಾರೆ. ಸುಲಿತದ ಚಪ್ಪರದಲ್ಲಿ ಮೊಬೈಲಿನ ಮುಂದಿದ್ದ ಹತ್ತು ಹದಿನೈದು ಜನರಲ್ಲಿ ಮೂವತ್ತಕ್ಕಿಂತ ಕಿರಿಯರು ಇಬ್ಬರು. ಗಿಣಿಯಂತೆ ಕೂಗಿದರೆ ಬೇಲಿ ಹಾರಿ ಬರುವವರು ಯಾರು? ನೋಡುವವರ ಬೆಳೆ ಹಿಂದಿನ ಬಿತ್ತನೆಯಿಂದ ಬಂದದ್ದು. ಈಗ ಬಿತ್ತುತ್ತಿರುವವರು ಎಷ್ಟು ಮಂದಿ ಎಂದು ಎಣಿಸಲು ನನಗೆ ಭಯ.

ಬಿತ್ತಿ ಅರ್ಧಕ್ಕೆ ಬಿಟ್ಟ ಕಥೆಯೂ ನಮ್ಮ ಜಿಲ್ಲೆಯಲ್ಲೇ ಉಂಟು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಬಾಳುವ ಸಿದ್ದಿ ಜನಾಂಗದ ಪೂರ್ವಿಕರು ಆಫ್ರಿಕದಿಂದ ಬಂದವರು. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ೧೯೮೭ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ಈ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸಿನ ತರಬೇತಿಗೆ ಕರೆದೊಯ್ಯಿತು. ಕೆಲವರು ಪದಕಗಳನ್ನೂ ಗೆದ್ದರು. ೧೯೯೩ರಲ್ಲಿ ಯೋಜನೆ ನಿಂತಿತು. ಆರು ವರ್ಷ! ಅಡಿಕೆ ಸಸಿ ನೆಟ್ಟವನಿಗೆ ಕೇಳಿ, ಆರು ವರ್ಷವೆಂದರೆ ಮೊದಲ ಸಿಂಗಾರ ಕಾಣುವ ಹೊತ್ತು. ಆಗ ಯಾರಾದರೂ ನೀರು ನಿಲ್ಲಿಸುತ್ತಾರೆಯೆ?

ಅಮೆರಿಕದವರು ಈಗ ಮಾಡುತ್ತಿರುವುದು ಬಹಳ ತಡವಾದ ಬಿತ್ತನೆ. ೨೦೧೮ರಲ್ಲಿ ಏಳು ತಂಡಗಳ ವೃತ್ತಿಪರ ಲೀಗನ್ನು ತೆರೆದರು. ಕೆಲವು ತಂಡಗಳು ಬಂದವು, ಕೆಲವು ಬಾಗಿಲು ಮುಚ್ಚಿದವು. ೨೦೩೧ರ ಪುರುಷರ ವಿಶ್ವಕಪ್ಪನ್ನೂ ೨೦೩೩ರ ಮಹಿಳೆಯರ ವಿಶ್ವಕಪ್ಪನ್ನೂ ಅಮೆರಿಕದಲ್ಲಿ ನಡೆಸುವುದೆಂದು ಗೊತ್ತಾಗಿದೆ. ಎಲ್ಲಕ್ಕಿಂತ ದೊಡ್ಡ ಗಾಳಿ ಎದ್ದದ್ದು ೨೦೨೪ರ ಪ್ಯಾರಿಸಿನಲ್ಲಿ. ಮಹಿಳೆಯರ ಕಂಚಿನ ಪಂದ್ಯದಲ್ಲಿ, ಆಸ್ಟ್ರೇಲಿಯ ಮುಂದಿದ್ದು ಸಮಯ ಮುಗಿದಿರುವಾಗ, ಅಲೆಕ್ಸ್ ಸೆಡ್ರಿಕ್ ಎಂಬಾಕೆ ಚೆಂಡು ಹಿಡಿದು ತನ್ನ ತುದಿಯಿಂದ ಆ ತುದಿಯವರೆಗೆ ಓಡಿ ೧೪–೧೨ರಿಂದ ಗೆಲ್ಲಿಸಿದಳು. ಅದನ್ನು ಕಂಡು ಮಿಶೆಲ್ ಕಾಂಗ್ ಎಂಬ ಉದ್ಯಮಿ ಮಹಿಳೆ ಆ ತಂಡಕ್ಕೆ ನಲವತ್ತು ಲಕ್ಷ ಡಾಲರು ಕೊಡುವುದಾಗಿ ಹೇಳಿದರು. ಅದೇ ತಂಡದ ಇಲೋನಾ ಮಾಹರ್ ಎಂಬ ಆಟಗಾರ್ತಿಯನ್ನು ರಗ್ಬಿಯ ಗಂಧವಿಲ್ಲದ ಲಕ್ಷಾಂತರ ಹುಡುಗಿಯರು ಮೊಬೈಲಿನಲ್ಲಿ ಹಿಂಬಾಲಿಸುತ್ತಾರೆ. ನಮ್ಮ ಕೂಸೂ ಅವರಲ್ಲೊಬ್ಬಳು. ಆದರೆ ಅವಳು ಹಿಂಬಾಲಿಸುವುದಕ್ಕೆ ನಿಲ್ಲಲಿಲ್ಲ.

ಅವಳ ಶಾಲೆಯಲ್ಲಿ ಫುಟ್‌ಬಾಲಿಗೆ ಕ್ರೀಡಾಂಗಣವಿದೆ, ವಾದ್ಯವೃಂದವಿದೆ. ರಗ್ಬಿಗೆ ಇದ್ದದ್ದು ಒಬ್ಬ ಗಣಿತದ ಮೇಷ್ಟರು ಮತ್ತು ಒಂಬತ್ತು ಹುಡುಗಿಯರು. ಹದಿನೈದರ ಆಟ ಕನಸು. ಏಳರ ಆಟಕ್ಕೂ ಇಬ್ಬರಿಗೆ ನೆಗಡಿಯಾದರೆ ಅಷ್ಟಕ್ಕಷ್ಟೆ. ಆದ್ದರಿಂದ ಇವಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಜಿನಿಂದ ಮೇಜಿಗೆ ಹೋಗಿ, “ನೀನು ಓಡುತ್ತೀಯಾ? ನೀನು ಗಟ್ಟಿ ಇದ್ದೀಯಾ?” ಎಂದು ಕೇಳುತ್ತಾಳಂತೆ. ಚಿಕ್ಕ ಮಕ್ಕಳಿಗಾಗಿ ಕೆಡಹುವುದಿಲ್ಲದ ಆಟವೊಂದಿದೆ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತುಕೊಂಡರೆ ಹಿಡಿದಂತೆ. ಭಾನುವಾರಗಳಲ್ಲಿ ಅದನ್ನು ಉದ್ಯಾನದಲ್ಲಿ ಕಲಿಸುತ್ತಾಳೆ. ನಮ್ಮ ಗಿಣಿಯ ಕೂಗು ಸಮುದ್ರ ದಾಟಿಹೋಗಿ ಯಾರ ಗಂಟಲಲ್ಲಿ ನಿಂತಿದೆ, ನೋಡಿ!

ಇಷ್ಟೆಲ್ಲ ಉತ್ಸಾಹದ ಹಿಂದೆ ಒಂದು ಮುಳ್ಳೂ ಇತ್ತು. ಜನವರಿಯಲ್ಲಿ ಅವರ ಪಂದ್ಯಗಳು ಶುರುವಾಗುತ್ತವೆ. ಅದಕ್ಕೆ ತಂದೆ ತಾಯಿಗಳ ಸಹಿ ಬೇಕು. ನಮ್ಮ ಹುಡುಗ ಸಹಿ ಹಾಕಿರಲಿಲ್ಲ. ಹಿಂದಿನ ವರ್ಷ ಅವಳ ಗೆಳತಿಯೊಬ್ಬಳ ಕೊರಳ ಮೂಳೆ ಮುರಿದಿತ್ತು; ಇನ್ನೊಬ್ಬಳು ತಲೆಗೆ ಪೆಟ್ಟಾಗಿ ಮೂರು ವಾರ ಶಾಲೆ ಬಿಟ್ಟಿದ್ದಳು. “ಭರತನಾಟ್ಯ ಬಿಡಿಸಿ ಇದಕ್ಕೆ ಕಳಿಸಬೇಕೆ? ಕಾಲೇಜಿನ ವರ್ಷ ಹತ್ತಿರ ಬಂತು” ಎಂದು ಅವನು ಫೋನಿನಲ್ಲಿ ನನ್ನೊಡನೆಯೂ ವಾದಿಸಿದ. ಅವನನ್ನು ನಾನು ದೂರಲಾರೆ. ತಲೆಯ ಪೆಟ್ಟು ಮೊಣಕಾಲಿನ ತರಚಿನಂತಲ್ಲ. ರಗ್ಬಿಯ ದೊಡ್ಡ ದೊಡ್ಡ ಆಟಗಾರರೇ ವಯಸ್ಸಾದ ಮೇಲೆ ಮರೆವಿನಿಂದ ನರಳಿ ನ್ಯಾಯಾಲಯಕ್ಕೆ ಹೋಗಿದ್ದಾರೆ.

ತೀರ್ಪು ಬಂದದ್ದು ನಾನೆಣಿಸದ ಪೀಠದಿಂದ. ಅಜ್ಜಿ, ಎಂದರೆ ನನ್ನ ತಮ್ಮನ ಹೆಂಡತಿ, ಒಂದು ವಾರ ಸುಮ್ಮನೆ ಕೇಳಿಸಿಕೊಂಡಿದ್ದಳು. ಮೊದಲ ದಿನ ಅವಳು ಆಡಿದ್ದು ಒಂದೇ ಮಾತು: “ಎಂತಕ್ಕೆ ಕೂಸೇ ಇದು, ಕೈಕಾಲು ಮುರಕಂಡ್ರೆ ಎಂತ ಮಾಡ್ತೆ?” ಹುಡುಗಿ, “ಬೀಳೂದು ಹೇಂಗೆ ಹೇಳಿ ಮೊದ್ಲು ಕಲಸ್ತ ಅಜ್ಜಿ” ಎಂದಿದ್ದಳು. ಅಜ್ಜಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ನಾಲ್ಕು ದಿನ ಬಿಟ್ಟು ಕೆರೆಯ ಪಕ್ಕದ ಖಾಲಿ ಗದ್ದೆಯಲ್ಲಿ ಹುಡುಗಿ ಕೇರಿಯ ಮಕ್ಕಳನ್ನು ಕೂಡಿಹಾಕಿದಳು: ಹೊರಗಿನಿಂದ ರಜೆಗೆ ಬಂದವರೂ ಸೇರಿ ಒಂಬತ್ತು ಮಕ್ಕಳು. ಸೊಂಟದ ಪಟ್ಟಿಗೆ ಅಡಿಕೆ ಹಾಳೆಯನ್ನು ಉದ್ದುದ್ದ ಸೀಳಿ ಸಿಕ್ಕಿಸಿದಳು. ಅಜ್ಜಿ ಬದುವಿನ ಮೇಲೆ ಕುಳಿತು ಒಂದು ಗಂಟೆ ನೋಡಿದಳು. ಹಾಳೆಯ ಪಟ್ಟಿಗೆ ಕೈಹಾಕಲು ಹೋಗಿ ಬಿದ್ದ ಮಕ್ಕಳಿಗೆ ಮೊಮ್ಮಗಳು ಗಲ್ಲವನ್ನು ಎದೆಗೆ ಒತ್ತಿ ಹೆಗಲ ಮೇಲೆ ಉರುಳುವುದನ್ನು ಕಲಿಸುತ್ತಿದ್ದಳು.

ಅಂದು ರಾತ್ರಿ ಅಜ್ಜಿ ಮಗನಿಗೆ ಫೋನು ಮಾಡಿಸಿದಳು. ತತ್ತ್ವವನ್ನೇನೂ ಹೇಳಲಿಲ್ಲ, ವಕೀಲರಂತೆ ಪ್ರಶ್ನೆ ಕೇಳಿದಳು. ಆಟದ ಜಾಗದಲ್ಲಿ ವೈದ್ಯರು ಇರುತ್ತಾರೆಯೆ? ತಲೆಗೆ ಪೆಟ್ಟಾದವಳನ್ನು ಹೊರಗೆ ಕೂರಿಸುತ್ತಾರೆಯೆ? ಮತ್ತೆ ಯಾವಾಗ ಒಳಗೆ ಬಿಡುತ್ತಾರೆ? ಮೇಷ್ಟರು ಮಾತು ಕೇಳುವವರೆ, ಗೆಲ್ಲುವ ಹುಚ್ಚಿನವರೆ? ಉತ್ತರಗಳನ್ನೆಲ್ಲ ಕೇಳಿ, “ನಮ್ಮ ಕೊನೆಗೌಡ ದಿನಾ ಮರ ಹತ್ತತ, ನಾವು ಕೆಳಗೆ ನಿಂತು ಹಗ್ಗ ಹಿಡಿತ್ಯ. ನೀನೂ ಕೆಳಗೆ ನಿಂತು ನೋಡ್ತಾ ಇರು” ಎಂದಳು. ಕೊನೆಗೆ ಸ್ವಲ್ಪ ತಡೆದು, ತಾನು ಹನ್ನೊಂದು ವರ್ಷದವಳಿದ್ದಾಗ ಅಣ್ಣಂದಿರ ಜೊತೆ ಕಬಡ್ಡಿ ಆಡುತ್ತಿದ್ದುದನ್ನೂ, ಒಂದು ದಿನ ಅಪ್ಪಯ್ಯ ಕೈಹಿಡಿದು ಒಳಗೆ ಕರೆದುಕೊಂಡು ಹೋದದ್ದನ್ನೂ ಹೇಳಿದಳು. ಐವತ್ತು ವರ್ಷಗಳ ದಾಂಪತ್ಯದಲ್ಲಿ ನನ್ನ ತಮ್ಮ ಈ ಸಂಗತಿಯನ್ನು ಕೇಳಿದ್ದು ಅದೇ ಮೊದಲು. ಅವನು ಹೆಂಡತಿಯ ಮುಖವನ್ನೇ ನೋಡುತ್ತ ಕುಳಿತ.

ಮಗ ಸಹಿ ಹಾಕಿದ. ಆದರೆ ಒಂದೇ ವರ್ಷಕ್ಕೆ, ತಲೆಗೆ ಒಂದು ಪೆಟ್ಟಾದರೂ ಮುಗಿಯಿತೆಂಬ ಕರಾರಿನ ಮೇಲೆ. ಭರತನಾಟ್ಯವೂ ಉಳಿಯಿತು.

ನಮ್ಮ ದೇಶದಲ್ಲಿಯೂ ೨೦೨೫ರ ಜೂನಿನಲ್ಲಿ ಆರು ತಂಡಗಳ ರಗ್ಬಿ ಲೀಗೊಂದು ಮುಂಬಯಿಯಲ್ಲಿ ನಡೆಯಿತು. ಬೆಂಗಳೂರಿನ ಹೆಸರಿನ ತಂಡವೂ ಅದರಲ್ಲಿತ್ತು. ದೀಪವೂ ಇತ್ತು, ವಾದ್ಯವೂ ಇತ್ತು. ನಮ್ಮ ಮನೆಯಲ್ಲಿ ಅದನ್ನು ನೋಡಿ ತಿಳಿದವರು ಯಾರೂ ಇರಲಿಲ್ಲ. ಈಗ ಇಸಳೂರಿನಲ್ಲಿ ಒಂಬತ್ತು ಮಕ್ಕಳಿದ್ದಾರೆ. ಚೆಂಡನ್ನು ಅವಳು ಅಲ್ಲಿಯೇ ಬಿಟ್ಟುಹೋದಳು. ತಮ್ಮ ಅದನ್ನು ಅಡಿಕೆಯ ಅಟ್ಟದ ಮೇಲಿಟ್ಟು, ಸಂಜೆ ಮಕ್ಕಳು ಕೇಳಲು ಬಂದರೆ ಇಳಿಸಿ ಕೊಡುತ್ತಾನೆ. ರಜೆಯ ಮಕ್ಕಳು ಹೋದ ಮೇಲೆ ಬರುವವರು ನಾಲ್ವರು. ಇಬ್ಬಿಬ್ಬರಾಗಿ ಆಡುತ್ತಾರಂತೆ.

ಮಾರ್ಚಿಯಲ್ಲಿ ನನಗೆ ಅವಳ ಸಂದೇಶ ಬಂತು. ಊಟದ ಮೇಜುಗಳ ತಿರುಗಾಟ ಫಲಿಸಿ ತಂಡ ಹದಿನಾಲ್ಕಕ್ಕೆ ಏರಿತ್ತು. “ಇನ್ನೊಬ್ಬಳು ಸಿಕ್ಕರೆ ಪೂರ್ತಿ ಆಟ, ದೊಡ್ಡಜ್ಜ! ಅವಳಿಗೆ ಮನಸ್ಸಿದೆ, ಆದರೆ ಅವಳ ತಾಯಿ ಸಹಿ ಹಾಕುತ್ತಿಲ್ಲ. ಮೆಕ್ಸಿಕೋದವರು, ಬಹಳ ಅಂಜುತ್ತಾರೆ. ಅಜ್ಜಿ ಒಮ್ಮೆ ಅವರ ಜೊತೆ ಮಾತಾಡಬಹುದೆ?” ನಾನು ಇಸಳೂರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅಜ್ಜಿ ಗಂಭೀರವಾಗಿ ಆಲಿಸಿ, ಒಂದೇ ಪ್ರಶ್ನೆ ಕೇಳಿದಳು:

“ಆ ಹೆಂಗಸಿಗೆ ಕನ್ನಡ ಬತ್ತಡಾ?”